ಸಹಾಯ ಬೇಕು: 8085 ಒಳಗೆ ರಿಜಿಸ್ಟರ್ ಆಯ್ಕೆ ಹೇಗಾಗುತ್ತದೆ?

ಎಲ್ಲರಿಗೂ ನಮಸ್ಕಾರ. ಡಿಪ್ಲೊಮಾ ಓದುತ್ತಿದ್ದೇನೆ. ಪ್ರೊಸೆಸರ್ ಕೆಲಸ ಮಾಡುವುದನ್ನು ಬುಡದಿಂದ ಕಲಿಯೋಣ ಅಂತ 1976ರ ಇಂಟೆಲ್ 8085 ಎಂಬ ಪ್ರೊಸೆಸರ್ ಚಿಪ್ ಹಿಡಿದು ಕೂತಿದ್ದೇನೆ.

ಲ್ಯಾಬಿನ ಕಿಟ್‌ನಲ್ಲಿ 3ಇ, 05 (ಹೆಕ್ಸ್, ಅಂದರೆ 16ರ ಆಧಾರದ ಸಂಖ್ಯೆಗಳು; ಮೊದಲನೆಯದು ಆದೇಶ, ಎರಡನೆಯದು ಡೇಟಾ) ಕೊಟ್ಟು ಓಡಿಸಿದರೆ 05 ಬಂದು ಎ ರಿಜಿಸ್ಟರಿನಲ್ಲಿ, ಅಂದರೆ ಪ್ರೊಸೆಸರ್ ಒಳಗೆ ಸಂಖ್ಯೆ ಇಡುವ ಪುಟ್ಟ ಜಾಗದಲ್ಲಿ, ಕೂರುತ್ತದೆ. 3ಇ ಬದಲು 06 ಕೊಟ್ಟರೆ ಬಿ ರಿಜಿಸ್ಟರಿಗೆ ಹೋಗುತ್ತದೆ. 3ಇ, 06 ಎರಡನ್ನೂ ಬೈನರಿಯಲ್ಲಿ (ಬರೀ 0, 1ರಲ್ಲಿ) ಬಿಡಿಸಿ ಬರೆದೆ: 00111110, 00000110. ನಡುವಿನ ಮೂರು ಬಿಟ್ ಮಾತ್ರ ಬೇರೆ! 111 ಅಂದರೆ ಎ, 000 ಅಂದರೆ ಬಿ. ಇದು ಕಂಡ ದಿನ ಖುಷಿಗೆ ನಿದ್ದೆಯೇ ಬರಲಿಲ್ಲ.

ಮುಂದೆ ಸಿಕ್ಕಿಕೊಂಡಿದ್ದೇನೆ. ಆ ಮೂರು ಬಿಟ್ ನೋಡಿ ಸರಿಯಾದ ರಿಜಿಸ್ಟರನ್ನು ತೆರೆಯುವುದು ಯಾವುದು? ಚಿಪ್ ಒಳಗೂ ಡಿಕೋಡರ್ (ಬಿಟ್‌ಗಳನ್ನು ನೋಡಿ ಹಲವು ಗೆರೆಗಳಲ್ಲಿ ಒಂದನ್ನು ಆರಿಸುವ ಸರ್ಕ್ಯೂಟ್) ಇರುತ್ತದೆ, ಅಲ್ವಾ? ಕ್ಲಾಕಿನ (ಪ್ರೊಸೆಸರ್ ಕೆಲಸಕ್ಕೆ ತಾಳ ಹಾಕುವ ಸಿಗ್ನಲ್‌ನ) ಯಾವ ಹಂತದಲ್ಲಿ ಅದು ನಡೆಯುತ್ತದೆ? ಕಾಲೇಜಿನಲ್ಲಿ ಕೇಳಿದಾಗ "ಪರೀಕ್ಷೆಗೆ ಬರಲ್ಲ, ಬಿಡು" ಅಂದರು. ಬಿಡೋಕೆ ಮನಸ್ಸಿಲ್ಲ. ಇಂಥ ಆಯ್ಕೆಯನ್ನು ಬ್ರೆಡ್‌ಬೋರ್ಡಿನಲ್ಲಿ (ಬೆಸುಗೆ ಇಲ್ಲದೆ ಸರ್ಕ್ಯೂಟ್ ಜೋಡಿಸುವ ಹಲಗೆಯಲ್ಲಿ) ಕಟ್ಟಿ ನೋಡಬೇಕು. ಯಾವ ಐಸಿಯಿಂದ (ಚಿಪ್‌ನಿಂದ) ಶುರು ಮಾಡಲಿ? ತಿಳಿದವರು ಕೈಯಲ್ಲಿ ಚಿತ್ರ ಬರೆದು ಫೋಟೋ ಹಾಕಿದರೂ ಸಾಕು.