ದುಂಡುಹುಳುಗಳಲ್ಲಿ ಅಂಗ ಅದೇ ಇದ್ದರೂ ಅದು ರೂಪುಗೊಳ್ಳುವ ಬಗೆ ಬದಲಾಗುವುದು ಹೇಗೆ?

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿ)

ಸುಮಾರು 1 ಮಿಲಿಮೀಟರ್ ಉದ್ದದ ಸೀನೊರ್ಯಾಬ್ಡೈಟಿಸ್ ಎಲೆಗಾನ್ಸ್ ಹುಳುವಿನಲ್ಲಿ ಮೊಟ್ಟೆ ಹೊರಬರುವ ಯೋನಿದ್ವಾರ ಹೇಗೆ ರೂಪುಗೊಳ್ಳುತ್ತದೆ ಎಂಬುದನ್ನು ನಮ್ಮ ಪಠ್ಯದಲ್ಲಿ ಒಂದೊಂದೇ ಕೋಶವನ್ನು ಹಿಡಿದು ವಿವರಿಸಿದ್ದಾರೆ. ಹೊಟ್ಟೆಯ ಕಡೆ ಸಾಲಾಗಿರುವ 12 ಹೊರಚರ್ಮದ ಕೋಶಗಳ ಪೈಕಿ ಪಿ3.ಪಿಯಿಂದ ಪಿ8.ಪಿವರೆಗೆ ಹೆಸರಿಸಿರುವ ಆರಕ್ಕೆ ಈ ಅಂಗವಾಗುವ ಸಾಮರ್ಥ್ಯವಿದ್ದರೂ, ವಾಸ್ತವದಲ್ಲಿ ಪಿ5.ಪಿ, ಪಿ6.ಪಿ ಮತ್ತು ಪಿ7.ಪಿ ಮಾತ್ರ ವಿಭಜನೆಗೊಂಡು 22 ಕೋಶಗಳ ಅಂಗವನ್ನು ಕಟ್ಟುತ್ತವೆ. ಇದರ ಹಲವು ಸಂಬಂಧಿ ಪ್ರಭೇದಗಳಲ್ಲಿಯೂ ಈ ಕೆಲಸ ಅದೇ ಮೂರು ಕೋಶಗಳದ್ದು ಎಂದು ಓದಿದೆ. ಹಾಗಿದ್ದರೆ ವಿಕಾಸ ಇಲ್ಲಿ ಬದಲಾಯಿಸಿದ್ದಾದರೂ ಏನನ್ನು?

ಉತ್ತರ 1 (ಪ್ರಾಣಿಶಾಸ್ತ್ರ ಅಧ್ಯಾಪಕಿ)

ಆ ಮೂರು ಕೋಶಗಳಿಗೆ ಆದೇಶ ಎಲ್ಲಿಂದ ಬರುತ್ತದೆ ಎಂಬುದನ್ನು ಮತ್ತು ಉಳಿದ ಕೋಶಗಳ ಗತಿಯನ್ನು ಬದಲಾಯಿಸಿದೆ. ಎಲೆಗಾನ್ಸ್‌ನಲ್ಲಿ ಜನನಗ್ರಂಥಿಯ ಆಂಕರ್ ಕೋಶವೆಂಬ ಒಂದೇ ಕೋಶವು ಲಿನ್-3 ಎಂಬ ಪ್ರೋಟೀನನ್ನು ಸ್ರವಿಸುತ್ತದೆ. ಅದಕ್ಕೆ ತೀರಾ ಹತ್ತಿರವಿರುವ ಪಿ6.ಪಿ ಮುಖ್ಯ ಪಾತ್ರ ವಹಿಸಿ, ನೆರೆಕೋಶಗಳ ನಡುವೆ ಸಾಗುವ ನಾಚ್ ಎಂಬ ಸಂಕೇತದ ಮೂಲಕ ಅಕ್ಕಪಕ್ಕದ ಎರಡು ಕೋಶಗಳಿಗೆ ಬೇರೆ ಪಾತ್ರವನ್ನು ಕೊಡುತ್ತದೆ. ಆಂಕರ್ ಕೋಶವನ್ನು ಸಕಾಲದಲ್ಲಿ ಲೇಸರ್‌ನಿಂದ ಸುಟ್ಟರೆ ದ್ವಾರವೇ ಮೂಡುವುದಿಲ್ಲ.

ಜೀರುಂಡೆಗಳ ಒಡನಾಡಿಯಾದ ಪ್ರಿಸ್ಟಿಯಾಂಕಸ್ ಪ್ಯಾಸಿಫಿಕಸ್ ಹುಳುವಿನಲ್ಲಿ ಜನನಗ್ರಂಥಿಯ ಹಲವು ಕೋಶಗಳು ದೀರ್ಘಕಾಲ ಸಂಕೇತ ಕಳುಹಿಸುತ್ತಿರುತ್ತವೆ, ಮತ್ತು ಅಂಗವನ್ನು ಪ್ರೇರೇಪಿಸುವ ಹೊಣೆ ಅಲ್ಲಿ ವಿಂಟ್ ಎಂಬ ಬೇರೊಂದು ಬಗೆಯ ಪ್ರೋಟೀನುಗಳ ಸಂಕೇತಗಳದ್ದು ಎಂದು ಜೀವವಿಜ್ಞಾನಿ ರಾಲ್ಫ್ ಸೊಮ್ಮರ್ ಅವರ ತಂಡ 2008ರಲ್ಲಿ ತೋರಿಸಿತು. ಎಲೆಗಾನ್ಸ್‌ನಲ್ಲಿ ಬಳಕೆಯಾಗದ ಮುಂಭಾಗದ ಕೋಶಗಳು ಸುತ್ತಲಿನ ಹೊರಚರ್ಮದೊಡನೆ ಬೆಸೆದುಕೊಳ್ಳುತ್ತವೆ. ಪ್ರಿಸ್ಟಿಯಾಂಕಸ್‌ನಲ್ಲಿ ಅವು ಸತ್ತೇಹೋಗುತ್ತವೆ.

ನನ್ನ ಮಟ್ಟಿಗೆ ಇದರಲ್ಲಿ ಅತ್ಯಂತ ಸೊಗಸಾದ ಪ್ರಯೋಗ ಲಿನ್-39 ಎಂಬ ಹಾಕ್ಸ್ ಜೀನಿಗೆ (ದೇಹದ ಉದ್ದಕ್ಕೂ ಯಾವ ಭಾಗ ಏನಾಗಬೇಕೆಂದು ನಿರ್ಧರಿಸುವ ಜೀನುಗಳಲ್ಲೊಂದಕ್ಕೆ) ಸಂಬಂಧಿಸಿದ್ದು. ಅದು ಕೆಟ್ಟರೆ ಎಲೆಗಾನ್ಸ್‌ನಲ್ಲಿ ಈ ಕೋಶಗಳು ಬೆಸೆದುಹೋಗುತ್ತವೆ, ಪ್ರಿಸ್ಟಿಯಾಂಕಸ್‌ನಲ್ಲಿ ಸಾಯುತ್ತವೆ. ಆದರೆ ಪ್ರಿಸ್ಟಿಯಾಂಕಸ್‌ನಲ್ಲಿ ಕೋಶಸಾವಿಗೆ ಬೇಕಾದ ಸೆಡ್-3 ಜೀನನ್ನೂ ಜೊತೆಗೆ ಕೆಡಿಸಿದರೆ, ಲಿನ್-39 ಇಲ್ಲದೆಯೂ ದ್ವಾರ ರೂಪುಗೊಳ್ಳುತ್ತದೆ. ಅಂದರೆ ಅಲ್ಲಿ ಆ ಜೀನಿನ ಕೆಲಸ ಕೋಶಗಳನ್ನು ಬದುಕಿಸಿಡುವುದು. ಎಲೆಗಾನ್ಸ್‌ನಲ್ಲಾದರೋ ಮುಂದಿನ ಪ್ರೇರಣೆಯ ಹಂತಕ್ಕೂ ಅದು ಬೇಕು.

ಮರುಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿ)

ಧನ್ಯವಾದಗಳು ಮೇಡಂ. ಜನನಗ್ರಂಥಿಯ ಸಂಕೇತವಂತೂ ಎಲ್ಲ ಪ್ರಭೇದಗಳಲ್ಲೂ ಬೇಕೇಬೇಕಲ್ಲವೇ?

ಉತ್ತರ 2 (ಸಂಶೋಧನಾ ವಿದ್ಯಾರ್ಥಿ)

ಬೇಕೇಬೇಕೆಂದಿಲ್ಲ. ದ್ವಾರವು ಬಾಲದ ಸಮೀಪದಲ್ಲಿರುವ ಮೀಸೊರ್ಯಾಬ್ಡೈಟಿಸ್ ಹುಳುಗಳಲ್ಲಿ ಆ ಮೂರು ಕೋಶಗಳು ಹಿಂದಕ್ಕೆ ಸರಿಯುತ್ತವೆ, ಮತ್ತು ಜನನಗ್ರಂಥಿಯನ್ನು ಮೊದಲೇ ನಾಶಮಾಡಿದರೂ ಅಂಗವಾಗಿ ಬೆಳೆಯುತ್ತವೆ. ಇದನ್ನು ಸೊಮ್ಮರ್ ಮತ್ತು ಪಾಲ್ ಸ್ಟರ್ನ್‌ಬರ್ಗ್ 1994ರಲ್ಲಿ ಪ್ರಕಟಿಸಿದರು. ಆಸ್ಕಿಯಸ್ ಎಂಬ ಕುಲದಲ್ಲಿ ಆಂಕರ್ ಕೋಶವು ಎರಡು ಬಾರಿ, ಮೊದಲು ಅಂಗವಾಗಬೇಕಾದ ಕೋಶಗಳಿಗೆ ಮತ್ತು ಆಮೇಲೆ ಅವು ವಿಭಜನೆಗೊಂಡು ಹುಟ್ಟಿದ ಮಗಳು ಕೋಶಗಳಿಗೆ, ಸಂಕೇತ ಕೊಡುತ್ತದೆ. ಪ್ರಾಸಂಗಿಕವಾಗಿ ಹೇಳುವುದಾದರೆ, ಆನೆಕಾಲು ರೋಗದ ಹುಳುವಿನಲ್ಲಿ ಹೆಣ್ಣಿನ ಈ ದ್ವಾರ ಇರುವುದು ತಲೆಯ ಕಡೆಗೆ.

ಉತ್ತರ 3 (ಪ್ರಾಣಿಶಾಸ್ತ್ರ ಅಧ್ಯಾಪಕಿ)

ಇಷ್ಟೆಲ್ಲ ಬದಲಾವಣೆಗೆ ಪ್ರತಿಯೊಂದು ಸಲವೂ ಹೊಸದೊಂದು ಅನುಕೂಲವನ್ನು ಹುಡುಕಬೇಕಾಗಿಲ್ಲ. ಮೊಟ್ಟೆ ಸರಿಯಾಗಿ ಹೊರಬೀಳುತ್ತಿರುವವರೆಗೆ ಒಳಗಿನ ಸಂಕೇತಗಳು ನಿಧಾನವಾಗಿ ಅದಲುಬದಲಾದರೂ ನಿಸರ್ಗದ ಆಯ್ಕೆ ತಡೆಯುವುದಿಲ್ಲ. 2001ರಿಂದ ಇದನ್ನು ಡೆವಲಪ್‌ಮೆಂಟಲ್ ಸಿಸ್ಟಮ್ ಡ್ರಿಫ್ಟ್ ಎಂದು ಕರೆಯುತ್ತಾರೆ. ಆದರೆ ಅಂಗವೇ ಇಲ್ಲವಾದರೆ ಬೆಲೆ ತೆರಬೇಕಾಗುತ್ತದೆ: ದ್ವಾರವಿಲ್ಲದ ಎಲೆಗಾನ್ಸ್‌ನಲ್ಲಿ ಮೊಟ್ಟೆಗಳು ಒಳಗೇ ಒಡೆದು, ಮರಿಗಳು ತಾಯಿಯ ದೇಹವನ್ನೇ ತಿಂದು ಹೊರಬರುತ್ತವೆ. ಆ ಹುಳು ದ್ವಿಲಿಂಗಿಯಾಗಿ ಸ್ವಯಂ ಗರ್ಭ ಧರಿಸುವುದರಿಂದಲೇ ಅಂಥ ತಳಿಗಳನ್ನು ಪ್ರಯೋಗಾಲಯದಲ್ಲಿ ಉಳಿಸಿಕೊಳ್ಳಲು ಸಾಧ್ಯವಾಯಿತು. ಸಂತಾನಕ್ಕೆ ಗಂಡು ಹೆಣ್ಣು ಕೂಡಲೇಬೇಕಾದ ಪ್ರಭೇದದಲ್ಲಾಗಿದ್ದರೆ ಆ ವಂಶ ಅಲ್ಲಿಗೇ ಮುಗಿಯುತ್ತಿತ್ತು.

ವ್ಯತ್ಯಾಸದ ಬೀಜವನ್ನು ನೋಡಲು ಬೇರೆ ಪ್ರಭೇದಕ್ಕೆ ಹೋಗುವ ಅಗತ್ಯವೂ ಇಲ್ಲ. ಎಲೆಗಾನ್ಸ್‌ನ ಒಂದೇ ಪ್ರಯೋಗಾಲಯ ತಳಿಯಲ್ಲಿ ಪಿ3.ಪಿ ಕೋಶವು ಸುಮಾರು ಅರ್ಧದಷ್ಟು ಹುಳುಗಳಲ್ಲಿ ಒಮ್ಮೆ ವಿಭಜನೆಗೊಳ್ಳುತ್ತದೆ, ಉಳಿದವುಗಳಲ್ಲಿ ವಿಭಜನೆಗೆ ಮೊದಲೇ ಹೊರಚರ್ಮದೊಡನೆ ಬೆಸೆದುಬಿಡುತ್ತದೆ. ದ್ವಾರದ ಆಕಾರದಲ್ಲಿ ಇದರಿಂದ ಯಾವ ವ್ಯತ್ಯಾಸವೂ ಕಾಣುವುದಿಲ್ಲ.