ಐದನೇ ತಿಂಗಳು, ಮಗು ಆಡೋದು ಇನ್ನೂ ಗೊತ್ತಾಗ್ತಿಲ್ಲ

ಮೂಡಿಗೆರೆ ಸೊಸೆ:

ಎಲ್ಲರಿಗೂ ನಮಸ್ಕಾರ. ನನಗಿದು ಚೊಚ್ಚಲು, ಈಗ 20 ವಾರ. ಮೊನ್ನೆ ಚಿಕ್ಕಮಗಳೂರಿಗೆ ಹೋಗಿ ಐದನೇ ತಿಂಗಳ ಸ್ಕ್ಯಾನ್ ಮಾಡಿಸಿದೆವು. ಬೆನ್ನುಮೂಳೆ, ಹೃದಯ, ಕಿಡ್ನಿ ಎಲ್ಲ ಸರಿಯಿದೆ, ತೂಕ 320 ಗ್ರಾಂ ಅಂದರು. ಸ್ಕ್ರೀನ್‌ನಲ್ಲಿ ಮಗು ಕಾಲು ಮಡಚಿ ಚಾಚುತ್ತಿತ್ತು, ಒಂದು ಕೈ ಬಾಯಿ ಹತ್ತಿರ ತಂದಿತು. ನಾನು ಕಣ್ಣಾರೆ ನೋಡುತ್ತಿದ್ದೆ, ಆದರೆ ಹೊಟ್ಟೆಯಲ್ಲಿ ಏನೂ ಗೊತ್ತಾಗಲಿಲ್ಲ!

ಅತ್ತೆ ದಿನಾ ಬೆಳಿಗ್ಗೆ ರೊಟ್ಟಿ ತಟ್ಟುತ್ತಾ "ಕೂಸು ಮಿಸುಕಿತಾ?" ಅಂತ ಕೇಳುತ್ತಾರೆ. ಇಲ್ಲ ಅಂದರೆ ಅವರ ಮುಖ ಸಣ್ಣದಾಗುತ್ತದೆ, ನನಗೂ ಭಯ. ರಿಪೋರ್ಟ್‌ನಲ್ಲಿ 'ಪ್ಲಾಸೆಂಟಾ ಆಂಟೀರಿಯರ್' ಅಂತ ಬರೆದಿದೆ. ಅದೇ ಕಾರಣವಾ?

ಇನ್ನೊಂದು, ಹಿಮೋಗ್ಲೋಬಿನ್ 11.8 ಇದ್ದದ್ದು 10.4ಕ್ಕೆ ಇಳಿದಿದೆ. ಊಟ ಚೆನ್ನಾಗಿಯೇ ಮಾಡುತ್ತೇನೆ. ಹಾಸಿಗೆಯಿಂದ ಏಳುವಾಗ ತೊಡೆಸಂದಿಯಲ್ಲಿ ಛಳಕ್ ಅನ್ನುತ್ತದೆ. ಗೊತ್ತಿದ್ದವರು ಹೇಳಿ.

ಸಕಲೇಶಪುರದ ಅಮ್ಮ:

ತಂಗಿ, ನನ್ನ ಮೊದಲ ಮಗನಿಗೂ ಮಾಸು, ಅಂದರೆ ಪ್ಲಾಸೆಂಟಾ, ಮುಂದೆಯೇ ಇತ್ತು. ಓರಗಿತ್ತಿಗೆ ಅವಳ ಮಗು ಆಡೋದು ನನಗಿಂತ ಮುಂಚೆಯೇ ಗೊತ್ತಾಗಿತ್ತು, ನನಗೆ ಇಲ್ಲ ಅಂತ ಎಷ್ಟು ಅತ್ತಿದ್ದೆ. ಒಂದು ರಾತ್ರಿ ಮಗ್ಗುಲಾಗಿ ಮಲಗಿದ್ದಾಗ ಕೆಳಹೊಟ್ಟೆಯ ಪಕ್ಕದಲ್ಲಿ ಮರಿಮೀನು ಬಾಲ ಆಡಿಸಿದ ಹಾಗಾಯಿತು. ಗ್ಯಾಸ್ ಅಂದುಕೊಂಡೆ. ಮಾರನೇ ರಾತ್ರಿಯೂ ಅದೇ ಜಾಗದಲ್ಲಿ ಆಯಿತು. ಆಮೇಲೆ ಯಜಮಾನರನ್ನು ಎಬ್ಬಿಸಿ ಹೇಳಿದೆ. ನಿಮಗೂ ಮೊದಲು ಗೊತ್ತಾಗೋದು ಹೊಟ್ಟೆಯ ಪಕ್ಕಕ್ಕೋ ಕೆಳಗೋ ಇರಬಹುದು, ನಟ್ಟ ನಡುವೆ ಹುಡುಕಬೇಡಿ.

ಹಾಸನ ಸಿಸ್ಟರ್:

ನಾನು ಹಾಸನ ಜಿಲ್ಲೆಯಲ್ಲಿ ನರ್ಸ್. ಹೌದು ಅಮ್ಮ, ಅದೇ ಕಾರಣ ಇರಬಹುದು. ಮಾಸು ಗರ್ಭಕೋಶದ ಮುಂದಿನ ಗೋಡೆಗೆ ಅಂಟಿಕೊಂಡಿದ್ದರೆ ಮಗುವಿಗೂ ನಿಮ್ಮ ಹೊಟ್ಟೆಗೂ ನಡುವೆ ಅದು ತಡೆಯಾಗುತ್ತದೆ. ಒದೆತ ಇರುತ್ತದೆ, ನಿಮಗೆ ಮುಟ್ಟುವುದಿಲ್ಲ. ಚೊಚ್ಚಲಿನವರಿಗೆ ಹೇಗೂ 18ರಿಂದ 20 ವಾರ ಬೇಕು, ಕೆಲವರಿಗೆ ಇನ್ನೂ ತಡ. 24 ವಾರ ಆದರೂ ಗೊತ್ತಾಗದಿದ್ದರೆ ಡಾಕ್ಟರ್ ಹತ್ತಿರ ಹೋಗಲೇಬೇಕು. ಒಮ್ಮೆ ಆಟ ಶುರುವಾಗಿ ರೂಢಿಯಾದ ಮೇಲೆ ಕಡಿಮೆಯಾದರೆ ಅವತ್ತೇ ಹೋಗಿ. 'ನಾಳೆ ನೋಡೋಣ' ಅನ್ನೋ ಮಾತು ಬೇಡ.

ಹಿಮೋಗ್ಲೋಬಿನ್ ವಿಷಯ. ಈ ತಿಂಗಳುಗಳಲ್ಲಿ ಮೈಯಲ್ಲಿ ರಕ್ತ ಜಾಸ್ತಿಯಾಗುತ್ತದೆ, ಆದರೆ ಅದರ ನೀರಿನ ಅಂಶ ಕೆಂಪು ಕಣಗಳಿಗಿಂತ ಬೇಗ ಏರುತ್ತದೆ. ಹಾಗಾಗಿ ಸ್ವಲ್ಪ ಇಳಿಯೋದು ಸಹಜ. ಆದರೂ ಗರ್ಭಿಣಿಗೆ 11ಕ್ಕಿಂತ ಕಡಿಮೆ ಅಂದರೆ ರಕ್ತಹೀನತೆಯೇ, ಅದನ್ನು ಸುಮ್ನೆ ಬಿಡಬಾರದು. ಮಾತ್ರೆ ಎಷ್ಟು ಅಂತ ಡಾಕ್ಟರ್ ಹೇಳಲಿ, ನೀವಾಗಿ ಹೆಚ್ಚಿಸಬೇಡಿ.

ನಮ್ಮ ಕಡೆ ನಾನು ಜಾಸ್ತಿ ನೋಡೋದು ಏನು ಗೊತ್ತಾ? ತಿಂಡಿ ತಿಂದು, ಕಬ್ಬಿಣದ ಮಾತ್ರೆ ನುಂಗಿ, ಮೇಲೆ ಒಂದು ಲೋಟ ಕಾಫಿ. ಕಾಫಿ, ಟೀ ಎರಡೂ ಕಬ್ಬಿಣ ಮೈಗೆ ಹತ್ತದ ಹಾಗೆ ಮಾಡುತ್ತವೆ. ಮಾತ್ರೆಗೂ ಕಾಫಿಗೂ ಕಡಿಮೆಯೆಂದರೆ ಒಂದು ಗಂಟೆ ಬಿಡಿ, ಎರಡಾದರೆ ಇನ್ನೂ ಒಳ್ಳೆಯದು. ಕ್ಯಾಲ್ಸಿಯಂ ಮಾತ್ರೆಯನ್ನೂ ಅದರ ಜೊತೆ ನುಂಗಬೇಡಿ. ಕಬ್ಬಿಣದ ಮಾತ್ರೆಯನ್ನು ನಿಂಬೆಹಣ್ಣಿನ ಪಾನಕದ ಜೊತೆ ತಗೊಂಡರೆ ಚೆನ್ನಾಗಿ ಹತ್ತುತ್ತದೆ. ಮಲ ಕಪ್ಪಗಾಗುತ್ತದೆ, ಅದಕ್ಕೆ ಹೆದರಿ ಮಾತ್ರೆ ಬಿಟ್ಟವರು ಎಷ್ಟೋ ಜನ.

ಆ ಛಳಕು ಗರ್ಭಕೋಶವನ್ನು ಹಿಡಿದಿರುವ ನರದಂಥ ಪಟ್ಟಿಗಳು ಎಳೆಯುವುದರಿಂದ ಬರುತ್ತದೆ. ಈಗ ಗರ್ಭಕೋಶ ಹೊಕ್ಕುಳ ಮಟ್ಟಕ್ಕೆ ಬಂದಿರುತ್ತದೆ ಅಲ್ವಾ. ದಡಕ್ಕನೆ ಏಳಬೇಡಿ. ಮಗ್ಗುಲಾಗಿ, ಕೈ ಊರಿ ಎದ್ದೇಳಿ. ನೋವು ಬಿಡದೆ ಇದ್ದರೆ, ರಕ್ತ ಕಂಡರೆ, ನೀರು ಸೋರಿದರೆ, ಮೂತ್ರ ಉರಿದರೆ ಕಾಯಬೇಡಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ಮೂಡಿಗೆರೆ ಸೊಸೆ:

ಸಿಸ್ಟರ್, ತುಂಬಾ ಉಪಕಾರ ಆಯಿತು. ನಾನೂ ಹಾಗೇ ಕಾಫಿ ಜೊತೆಯೇ ನುಂಗುತ್ತಿದ್ದೆ, ಯಾರೂ ಹೇಳಿರಲಿಲ್ಲ. ಅತ್ತೆಗೆ ನಿಮ್ಮ ಉತ್ತರ ಪೂರ್ತಿ ಓದಿ ಹೇಳಿದೆ. ಇನ್ನೊಂದೇ ಪ್ರಶ್ನೆ: ತವರು ಬೆಳ್ತಂಗಡಿ. ಚಾರ್ಮಾಡಿ ಘಾಟಿಯಲ್ಲಿ ಕಾರಲ್ಲಿ ಹೋಗಿಬರಬಹುದಾ?

ಹಾಸನ ಸಿಸ್ಟರ್:

ಬೇರೆ ತೊಂದರೆ ಇಲ್ಲದಿದ್ದರೆ ಓಡಾಡೋಕೆ ಈ ನಡುವಿನ ತಿಂಗಳುಗಳೇ ವಾಸಿ. ಸ್ಕ್ಯಾನ್‌ನಲ್ಲಿ ಮಾಸು ಕೆಳಗಿದೆ ಅಂತ ಏನಾದರೂ ಹೇಳಿದ್ದರೆ ಮಾತ್ರ ಡಾಕ್ಟರನ್ನು ಕೇಳದೆ ಹೊರಡಬೇಡಿ. ಸೀಟ್ ಬೆಲ್ಟ್‌ನ ಕೆಳಗಿನ ಪಟ್ಟಿ ಹೊಟ್ಟೆಯ ಮೇಲೆ ಬರಬಾರದು, ಹೊಟ್ಟೆಯ ಕೆಳಗೆ ತೊಡೆಗೆ ತಾಗಿ ಇರಬೇಕು. ಕೊಟ್ಟಿಗೆಹಾರದಲ್ಲಿ ಇಳಿದು ಸ್ವಲ್ಪ ನಡೆದಾಡಿ. ತಾಯಿ ಕಾರ್ಡು, ಸ್ಕ್ಯಾನ್ ರಿಪೋರ್ಟು ಬ್ಯಾಗಲ್ಲೇ ಇರಲಿ. 24 ವಾರದ ಹೊತ್ತಿಗೆ ಗ್ಲೂಕೋಸ್ ಕುಡಿಸಿ ಸಕ್ಕರೆ ಪರೀಕ್ಷೆ ಮಾಡುತ್ತಾರೆ, ಅಷ್ಟರೊಳಗೆ ವಾಪಸ್ ಬನ್ನಿ.