ಸಹಾಯ ಬೇಕು: ವೈಲ್ಡ್‌ಫ್ಲೈನಲ್ಲಿ ಕನೆಕ್ಷನ್ ಪೂಲ್‌ಗೆ ಕನೆಕ್ಷನ್‌ಗಳು ವಾಪಸ್ ಬರ್ತಾನೇ ಇಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮ ಬಿಲ್ಲಿಂಗ್ ಅಪ್ಲಿಕೇಶನ್ ವೈಲ್ಡ್‌ಫ್ಲೈ (ಜಾವಾ ಅಪ್ಲಿಕೇಶನ್ ಸರ್ವರ್) ಮೇಲೆ ಓಡುತ್ತದೆ. ತಿಂಗಳ ಕೊನೆ ಬಂದರೆ ಸಾಕು, ಪೇಜ್ ತೆರೆಯೋಕೆ ಅರ್ಧ ನಿಮಿಷ. ಸಿಪಿಯು, ಮೆಮೊರಿ ಎರಡೂ ಆರಾಮಾಗಿವೆ.

ಡೇಟಾಸೋರ್ಸ್ (ಡೇಟಾಬೇಸ್ ಸಂಪರ್ಕದ ಸೆಟ್ಟಿಂಗ್) ಸ್ಟ್ಯಾಟಿಸ್ಟಿಕ್ಸ್ ಡೀಫಾಲ್ಟ್ ಆಗಿ ಆಫ್ ಇರುತ್ತದೆ ಅಲ್ವಾ, ಅದನ್ನು ಆನ್ ಮಾಡಿ ಸಿಎಲ್‌ಐನಲ್ಲಿ (ಕಮಾಂಡ್ ಲೈನ್) ನೋಡಿದೆ. ಪೂಲಿನ (ಮತ್ತೆ ಮತ್ತೆ ಬಳಸಲು ತೆರೆದಿಟ್ಟ ಡೇಟಾಬೇಸ್ ಕನೆಕ್ಷನ್‌ಗಳ ಗುಂಪು) ಮಿತಿ ಡೀಫಾಲ್ಟ್ 20 ಇದೆ. 'ಇನ್‌ಯೂಸ್‌ಕೌಂಟ್' (ಬಳಕೆಯಲ್ಲಿರುವ ಕನೆಕ್ಷನ್‌ಗಳ ಸಂಖ್ಯೆ) 18ರ ಆಸುಪಾಸಿಗೆ ಏರಿದ್ದು ಇಳಿಯುವುದೇ ಇಲ್ಲ, ರಾತ್ರಿ ಯಾರೂ ಲಾಗಿನ್ ಆಗಿಲ್ಲದಾಗಲೂ! ಬೆಳಗ್ಗೆ ಜನ ಬಂದ ಕೂಡಲೇ 'ವೇಟ್‌ಕೌಂಟ್' (ಕನೆಕ್ಷನ್‌ಗಾಗಿ ಕಾಯಬೇಕಾದ ರಿಕ್ವೆಸ್ಟ್‌ಗಳ ಸಂಖ್ಯೆ) ಏರುತ್ತದೆ, 30 ಸೆಕೆಂಡ್ ಕಾದು ಎರರ್. ರೀಸ್ಟಾರ್ಟ್ ಮಾಡಿದರೆ ಸ್ವಲ್ಪ ದಿನ ಸರಿ.

ಮಿತಿಯನ್ನು 50 ಮಾಡಿ ಅಂತಾರೆ ಟೀಮಿನವರು. ನನಗೇನೋ ಕೋಡ್ ಎಲ್ಲೋ ಕನೆಕ್ಷನ್ ಕ್ಲೋಸ್ ಮಾಡ್ತಿಲ್ಲ ಅನಿಸುತ್ತದೆ. ಸೋರುವ ಬಿಂದಿಗೆ ಬದಲು ಸೋರುವ ಹಂಡೆ ಇಟ್ಟ ಹಾಗಾಗುತ್ತದೆ ಅಷ್ಟೆ.

ಕನೆಕ್ಷನ್ ಬಳಕೆಯ ಮೇಲೆ ಕಣ್ಣಿಡುವ ಕ್ಯಾಶ್ಡ್ ಕನೆಕ್ಷನ್ ಮ್ಯಾನೇಜರ್‌ನ ಡೀಬಗ್ ಆನ್ ಮಾಡಿದರೆ, ಕ್ಲೋಸ್ ಆಗದ ಕನೆಕ್ಷನ್ ಎಲ್ಲಿ ತೆಗೆದದ್ದು ಅಂತ ಲಾಗ್‌ನಲ್ಲಿ ಬರುತ್ತದೆ. ಲೈವ್ ಸರ್ವರಿನಲ್ಲಿ ಯಾರಾದರೂ ಹಾಕಿ ನೋಡಿದ್ದೀರಾ? ಜಾಸ್ತಿ ನಿಧಾನ ಆಗುತ್ತಾ? ಇನ್ನೊಂದು: 9990 (ಮ್ಯಾನೇಜ್‌ಮೆಂಟ್) ಪೋರ್ಟಿನ ಮೆಟ್ರಿಕ್ಸ್ ಅನ್ನು ಮಾನಿಟರಿಂಗ್ ಟೂಲ್ ಆದ ಪ್ರೊಮೀಥಿಯಸ್‌ಗೆ ಕೊಡೋಣ ಅಂತಿದ್ದೇನೆ. ಅಲರ್ಟ್ ಯಾವುದಕ್ಕೆ ಇಡ್ತೀರಿ, ಇನ್‌ಯೂಸ್‌ಗೋ, ಕಾಯುವ ಸಮಯಕ್ಕೋ?